ಟಯರಿನ ಮೀಸೆ, ಬೈರಿಗೆಯ ತಾಳ್ಮೆ

ಹೊಸ ಟಯರಿನ ಮೈಮೇಲೆ ಕಾಣುವ ರಬ್ಬರಿನ ಸಣ್ಣ ಮೀಸೆಗಳು ಹುಟ್ಟುವುದು ಅಚ್ಚಿನ ಗಾಳಿತೂತುಗಳಲ್ಲಿ. ಅಚ್ಚು ಒತ್ತಿದಾಗ ಒಳಗಿನ ಗಾಳಿ ಈ ತೂತುಗಳಿಂದ ಹೊರಹೋಗುತ್ತದೆ. ಅದರ ಬೆನ್ನಿಗೇ ನುಗ್ಗಿದ ರಬ್ಬರು ಅಲ್ಲೇ ಬೇಯುತ್ತದೆ. ಕರಾವಳಿಯ ಹಟ್ಟಿಯಂಗಡಿಯ ಏರಿಳಿತದ ದಾರಿಯಲ್ಲಿ ಸವೆದು, ಹೊಸ ರಬ್ಬರು ಹೊದ್ದು ಅಚ್ಚಿನಲ್ಲಿ ಬೆಂದು ರಿಸೋಲ್ ಆಗಿ ಬಂದ ಟಯರಿಗೂ, ಮೈಸೂರಿನ ವಿಕ್ರಾಂತ್ ಕಾರ್ಖಾನೆಯ ಹೊಸ ಟಯರಿಗೂ ಇದು ಒಂದೇ. ಮೀಸೆ ತುಂಡಾಗಿ ತೂತಿನಲ್ಲೇ ಉಳಿದರೆ ಮುಂದಿನ ಟಯರಿನಲ್ಲಿ ಗಾಳಿ ಸಿಕ್ಕಿಬಿದ್ದು ಹಳ್ಳವಾಗುತ್ತದೆ. ಆ ತುಂಡನ್ನು ತೆಗೆಯಲು ಸಣ್ಣ ಡ್ರಿಲ್ ಬಿಟ್ ಬೇಕು, ಮುರಿಯುವುದೂ ಅದೇ.

ತಿರುಚು ತಾಳುವ ಶಕ್ತಿ ವ್ಯಾಸದ ಘನದಷ್ಟು: 2 ಮಿ.ಮೀ. ಬಿಟ್ ತಾಳುವುದರ ಎಂಟನೇ ಒಂದು ಪಾಲನ್ನಷ್ಟೇ 1 ಮಿ.ಮೀ. ಬಿಟ್ ತಾಳುತ್ತದೆ. ರಬ್ಬರು ಲೋಹದ ಹಾಗೆ ಪುಡಿಯಾಗುವುದಿಲ್ಲ, ಬಿಟ್ಟಿನ ತೋಡಿಗೆ ಸುತ್ತಿ ಹಿಡಿಯುತ್ತದೆ. ಕಾರ್ಬೈಡ್ ಬಿಟ್ ಗಟ್ಟಿ, ಆದರೆ ಬಾಗುವುದನ್ನು ಸಹಿಸದು. ಕೈಗೆಲಸಕ್ಕೆ ಹೈಸ್ಪೀಡ್ ಸ್ಟೀಲೇ ಸರಿ. ಬಿಟ್ ತೂತಿಗಿಂತ ತುಸು ಸಪೂರವಿರಬೇಕು, ಅದನ್ನು ಹಿಡಿದಿಡುವ ಚಕ್ಕಿನಿಂದ ಬೇಕಾದಷ್ಟೇ ಹೊರಚಾಚಿರಬೇಕು, ತೂತಿನ ನೇರಕ್ಕೇ ಇಳಿಯಬೇಕು. ಒಂದು ಹನಿ ಸೋಪುನೀರು ಹಿಡಿತ ಸಡಿಲಿಸುತ್ತದೆ.

ಆದರೆ ನಿಜವಾದ ಪಾಠವನ್ನು ಕರಾವಳಿಯ ಮರಗೆಲಸದ ಬೈರಿಗೆ ಎಂದೋ ಕಲಿಸಿದೆ. ಆಚಾರಿ ಬೈರಿಗೆಯನ್ನು ಒಂದೇ ಸಲ ಕೊನೆಮುಟ್ಟ ಇಳಿಸುವುದಿಲ್ಲ. ಎರಡು ಸುತ್ತು ತಿರುಗಿಸಿ, ಹಿಂದೆಳೆದು, ಸಿಪ್ಪೆ ಊದಿ ಮತ್ತೆ ಇಡುತ್ತಾನೆ. ತುದಿ ಗಂಟಿಗೆ ತಗುಲಿದ್ದು ಅವನ ಅಂಗೈಗೆ ಮೊದಲೇ ಗೊತ್ತಾಗುತ್ತದೆ. ವೇಗದ ಯಂತ್ರಕ್ಕೆ ಆ ಅಂಗೈ ಇಲ್ಲ. ಅದಕ್ಕೇ ಪಿನ್ ವೈಸ್ ಎಂಬ ಪುಟ್ಟ ಕೈಹಿಡಿಕೆ ಹಿಡಿದು ಬೆರಳಲ್ಲಿ ತಿರುಗಿಸಿದ ಬಿಟ್ಟುಗಳೇ ಹೆಚ್ಚು ದಿನ ಬಾಳುತ್ತವೆ. ಯಂತ್ರವೇ ಬೇಕಾದರೂ, ತಿರುಗುತ್ತಲೇ ಒಳಹೋಗಿ ತಿರುಗುತ್ತಲೇ ಹೊರಬರಬೇಕು; ಒಳಗೆ ನಿಂತ ಬಿಟ್ಟನ್ನು ಮತ್ತೆ ತಿರುಗಿಸಿದರೆ ರಬ್ಬರಿನ ಹಿಡಿತಕ್ಕೆ ಅದು ಟಪ್ಪೆಂದು ಹೋಯಿತೆಂದೇ ಲೆಕ್ಕ.

ಮುರಿದ ಬಿಟ್ಟಿನ ತುಂಡು ಅಲ್ಯೂಮಿನಿಯಂ ಅಚ್ಚಿಗಿಂತ ಗಟ್ಟಿ. ಅದರ ಮೇಲೆ ಇನ್ನೊಂದು ಬಿಟ್ ಹೂಡಿದರೆ ಅದೂ ಮುರಿಯುತ್ತದೆ, ಇಲ್ಲವೇ ಪಕ್ಕಕ್ಕೆ ಜಾರಿ ತೂತನ್ನೇ ಕೆಡಿಸುತ್ತದೆ. ತೂತು ಹಿಂಬದಿಗೆ ತೆರೆದಿರುವುದರಿಂದ ಅಲ್ಲಿಂದ ಸಪೂರ ಪಿನ್ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೊರದೂಡುವುದೇ ದಾರಿ.