ಒಂಟಿ ಸಲಗ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಗಡಿಗೆ ಮೊದಲು ಸಿಕ್ಕುವ ಪುಣಜನೂರು ನನ್ನ ಊರು. ಸುತ್ತ ಬಿಳಿಗಿರಿರಂಗನ ಬೆಟ್ಟದ ಕಾಡು. 2011ರಿಂದ ಅದು ಹುಲಿ ರಕ್ಷಿತಾರಣ್ಯ. ಆ ರಸ್ತೆಯಲ್ಲಿ ಆನೆಗಳು ಕಬ್ಬಿನ ಲಾರಿಗಳಿಗಾಗಿ ಕಾದು ನಿಲ್ಲುವುದುಂಟು. ಹಿಂಡಿಗಿಂತ ಒಂಟಿ ಸಲಗಕ್ಕೆ ಹೆಚ್ಚು ಅಂಜಬೇಕೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಒಂಟಿಯಾದ ಮನುಷ್ಯನೂ ಹಾಗೆಯೇ ಕೆರಳುತ್ತಾನೆಂದು ನನಗೆ ತಿಳಿದುದು ಮಾತ್ರ ಕಾಲೇಜು ಸೇರಿದ ಮೇಲೆ.

ಏಕಾಂತ ನನಗೆ ಹೊಸತಲ್ಲ. ದನ ಮೇಯಿಸುತ್ತ ದಿನವೆಲ್ಲ ಒಬ್ಬನೇ ಇದ್ದವನು ನಾನು. ಆಗ ಬೇಸರವಾದುದಿಲ್ಲ, ಸಂಜೆ “ಬಂದ್ಯಾ ಮಗಾ?” ಎನ್ನುವವರಿದ್ದರು. ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ನೂರು ಜನರ ನಡುವೆ ಹಾಗೆ ಕೇಳುವವರಿರಲಿಲ್ಲ. ನನ್ನ ಮಾತಿನ ಧಾಟಿಗೆ ಯಾರೋ ನಕ್ಕರು. ಅಂದಿನಿಂದ ಬಾಯಿ ಮುಚ್ಚಿದೆ. ಮೊದಲು ನಿದ್ದೆ ಹೋಯಿತು, ಅನಂತರ ಹಸಿವು. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಬಾರಿ ಓದುತ್ತಿದ್ದೆ. ಯಾರು ನಕ್ಕರೂ ನನ್ನನ್ನು ಕಂಡೇ ನಕ್ಕರೆಂಬ ಶಂಕೆ. ಊಟಕ್ಕೆ ಕರೆದ ಕೋಣೆಯ ಗೆಳೆಯನ ಮೇಲೆ ಒಂದು ದಿನ ರೇಗಿಬಿದ್ದೆ. ಅವ್ವ ಫೋನಿನಲ್ಲಿ “ಉಂಡ್ಯಾ ಮಗಾ?” ಎಂದಾಗಲೆಲ್ಲ “ಉಂಡೆ ಕಣವ್ವ” ಎಂದು ಸುಳ್ಳು ಹೇಳಿದೆ. ನಾನಿಲ್ಲದಿದ್ದರೆ ಯಾರಿಗೇನು ಎಂಬ ಯೋಚನೆಯೂ ಒಂದು ರಾತ್ರಿ ಬಂದಿತು.

ಆ ರಾತ್ರಿ, ನನ್ನಿಂದ ಬೈಸಿಕೊಂಡ ಗೆಳೆಯನೇ ಎದ್ದು ದೀಪ ಹಾಕಿ “ಏನಾಯ್ತೋ?” ಎಂದ. ಬುದ್ಧಿವಾದ ಹೇಳಲಿಲ್ಲ, ಬೆಳಗಿನ ತನಕ ನನ್ನ ಮಾತು ಕೇಳಿದ. ಮರುದಿನ 14416ಕ್ಕೆ ಫೋನು ಮಾಡಿಸಿದ. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲಿರುಳೂ ಉಂಟು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಅವರ ಸಲಹೆಯಂತೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಂಡೆ. ಹುಚ್ಚೆನ್ನುವರೆಂದು ಅಂಜಿದ್ದೆ. ಅವರು ಜ್ವರ ಬಂದವನನ್ನು ವಿಚಾರಿಸುವಂತೆಯೇ ನಿದ್ದೆ, ಊಟ, ಗೆಳೆಯರನ್ನು ಕುರಿತು ವಿಚಾರಿಸಿದರು.

ನನ್ನೊಬ್ಬನ ಪಾಡು ಇದಲ್ಲವೆಂದು ಆಮೇಲೆ ಓದಿ ತಿಳಿದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಇಡೀ ನಾಡಿನ ಆರೋಗ್ಯದ ಸಮಸ್ಯೆಯೆಂದು ಸಾರಿದರು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನ 6 ಜನರಲ್ಲಿ ಒಬ್ಬರಿಗೆ ಈ ಕಾಟವುಂಟು. ನಮ್ಮ ತರಗತಿಯಲ್ಲಿ 60 ಮಂದಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಪೂರ್ತಿ ಗುಣವಾದೆನೆನ್ನಲಾರೆ. ಆದರೆ ಈಗ ಗೆಳೆಯ ಕರೆದಾಗ ಊಟಕ್ಕೆ ಏಳುತ್ತೇನೆ. ಅವ್ವನಿಗೆ ನಿಜ ಹೇಳುತ್ತೇನೆ. ಸಹಪಾಠಿಗಳೆ, ಕೊನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತವನನ್ನು ಜಂಬದವನೆಂದು ದೂರವಿಡಬೇಡಿ. ಗುರುಗಳೆ, ಹಾಜರಿ ಕರೆದಾಗ ದನಿ ಕುಗ್ಗಿದವನನ್ನು ಒಮ್ಮೆ ಮಾತನಾಡಿಸಿ. “ಊಟವಾಯಿತೆ?” ಎಂದರೂ ಸಾಕು. ಆಯಿತೆಂದು ಅವನು ಸುಳ್ಳು ಹೇಳಬಹುದು. ಆದುದರಿಂದ ಮರುದಿನವೂ ಕೇಳಿ.