ನೀಲಿ ಚುಕ್ಕೆ

ಸೀಸದ ಏಪ್ರನ್ ಭಾರಕ್ಕೆ ನಿಮ್ಮ ಹೆಗಲು ಆಗಲೇ ಜಗ್ಗುತ್ತಿದೆ. ಹೃದಯದ ಕ್ಯಾಥ್ ಲ್ಯಾಬಿನ ಎ.ಸಿ. ಮೈ ಕೊರೆಯುತ್ತಿದೆ. ಮೇಜಿನ ಮೇಲೆ ಮಲಗಿರುವ ಅಮ್ಮನಿಗೆ 52 ವರ್ಷ. ನರ್ಸ್ ಹೊದಿಕೆ ಸರಿಸಿದಾಗ ನೋಡಿ, ಎದೆಮೂಳೆಯ ಮೇಲೆ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆ. ಮಚ್ಚೆಯಲ್ಲ, ಹಚ್ಚೆ. 24ನೇ ವಯಸ್ಸಿನಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಬಂದಾಗ ರೇಡಿಯೇಷನ್ ಗುರಿ ತಪ್ಪದಿರಲೆಂದು ಚುಚ್ಚಿದ್ದು. ಕ್ಯಾನ್ಸರ್ ಹೋಯಿತು, ಚುಕ್ಕೆ ಉಳಿಯಿತು. ಒಳಗೆ ಆ ಕಿರಣದ ಇನ್ನೊಂದು ಗುರುತೂ ಉಳಿದಿತ್ತು.

ಅದು ಈಗ ಪರದೆಯ ಮೇಲಿದೆ. ಮಹಾಪಧಮನಿಯ ಕವಾಟ ಸುಣ್ಣಗಟ್ಟಿ, ಪ್ರತಿ ಬಡಿತಕ್ಕೂ ಕಪ್ಪಗೆ, ಬಿಗಿಯಾಗಿ ಅಲುಗುತ್ತಿದೆ. ಮಹಾಪಧಮನಿಯ ಗೋಡೆಯೂ ಪಿಂಗಾಣಿಯಂತೆ ಗಟ್ಟಿ. ಎದೆ ಸೀಳಿ ಅದಕ್ಕೆ ಕ್ಲ್ಯಾಂಪ್ ಹಾಕಿದರೆ ಸುಣ್ಣದ ಚೂರು ಮೆದುಳಿಗೆ ಹಾರಬಹುದು. ಕಿರಣ ತಾಗಿದ ಎದೆಮೂಳೆ ಬೇಗ ಕೂಡುವುದಿಲ್ಲ, ಶ್ವಾಸಕೋಶವೂ ಬಿರುಸಾಗಿರಬಹುದು. ಅದಕ್ಕೇ ಇವತ್ತು ದಾರಿ ತೊಡೆಸಂದಿಯಿಂದ.

ಪಕ್ಕದ ಟ್ರೇಯಲ್ಲಿ ಹೊಸ ಕವಾಟ: ದನದ ಹೃದಯದ ಹೊರಪೊರೆಯ ಮೂರು ದಳ, ಸುತ್ತ ಲೋಹದ ಜಾಲರಿ. ಕ್ರಿಂಪರ್ ಉಪಕರಣದಲ್ಲಿ ಹಿಸುಕಿ ಅದನ್ನು ಬಲೂನಿನ ಮೇಲೆ ಕೂರಿಸುತ್ತಾರೆ. ಪೆನ್ಸಿಲ್‌ ದಪ್ಪಕ್ಕೆ ಇಳಿಯುತ್ತದೆ. ತಂತಿಯ ಮೇಲೆ ಜಾರುತ್ತಾ ಮಹಾಪಧಮನಿಯ ಕಮಾನು ತಿರುಗಿ ಹಳೆಯ ಕವಾಟದೊಳಗೆ ನಿಂತಿತು.

"ಅಮ್ಮಾ, ಈಗ ಎದೆ ಡವಡವ ಅನ್ನುತ್ತೆ. ಹೆದರಬೇಡಿ."

"ಆಯ್ತು ಸರ್."

ಹೃದಯವನ್ನು ವೇಗವಾಗಿ ಓಡಿಸುವ ಪೇಸಿಂಗ್ ಶುರು. ನಿಮಿಷಕ್ಕೆ 180ರ ಬಡಿತ. ರಕ್ತದೊತ್ತಡದ ಗೆರೆ ಮಲಗಿಬಿಡುತ್ತದೆ. ಯಾರೂ ಉಸಿರೆತ್ತುವುದಿಲ್ಲ. ಬಲೂನು ಅರಳಿತು, ಇಳಿಯಿತು, ಪೇಸಿಂಗ್ ನಿಂತಿತು. ಗೆರೆ ಮತ್ತೆ ಎದ್ದು ನಿಂತಾಗ ನಿಮ್ಮ ಕಣ್ಣೂ ತುಂಬಿದರೆ ಆಶ್ಚರ್ಯವಿಲ್ಲ.

ಎಲ್ಲರಿಗೂ ಇದೇ ದಾರಿಯಲ್ಲ. ಕಾಲಿನ ನಾಳ ಕಿರಿದಾದರೆ ಕತ್ತಿನ ಅಥವಾ ಭುಜದ ಕೆಳಗಿನ ಧಮನಿಯಿಂದ ಹೋಗುತ್ತಾರೆ. ಕೆಲವರಿಗೆ ಬಲಪಕ್ಕೆಲುಬುಗಳ ನಡುವಿನ ಸಣ್ಣ ಗಾಯದಿಂದ, ಎದೆಮೂಳೆ ಮುಟ್ಟದೆ ಶಸ್ತ್ರಚಿಕಿತ್ಸೆ. 2002ರಲ್ಲಿ ಫ್ರಾನ್ಸಿನ ರುವಾನ್‌ನಲ್ಲಿ ಡಾ. ಅಲೈನ್ ಕ್ರಿಬಿಯೇ ಮೊದಲ ಬಾರಿ ಇಂಥ ಕವಾಟ ಕೂರಿಸಿದಾಗಲೂ ಆ ರೋಗಿಯ ಕಾಲಿನ ಧಮನಿಗಳು ಕೆಟ್ಟಿದ್ದವು. ಅವರು ಅಭಿಧಮನಿಯಿಂದ ಹತ್ತಿ, ಹೃದಯದ ನಡುಗೋಡೆ ದಾಟಿ ಹೋದರು. ಆದರೆ ಮೈಟ್ರಲ್ ಕವಾಟ, ಕರೋನರಿ ನಾಳಗಳೂ ಒಟ್ಟಿಗೆ ಹಾಳಾಗಿದ್ದರೆ ಎದೆ ತೆರೆಯುವುದು ಅನಿವಾರ್ಯವಾಗಬಹುದು. ಹೃದಯ ಶಸ್ತ್ರವೈದ್ಯರೂ ಕಾರ್ಡಿಯಾಲಜಿಸ್ಟರೂ ಒಟ್ಟಿಗೆ ಕೂತು ನಿರ್ಧರಿಸಬೇಕು. ಒಬ್ಬರೇ ಹೇಳಿದ್ದು ಸಾಲದು.

ಎದೆಗೆ ರೇಡಿಯೇಷನ್ ಪಡೆದವರು ನಿಮ್ಮ ಮನೆಯಲ್ಲಿದ್ದರೆ, ಅದಾಗಿ 5–10 ವರ್ಷ ಕಳೆದಿದ್ದರೆ, ಸುಸ್ತು ಇರಲಿ ಬಿಡಲಿ, ಒಂದು ಹೃದಯದ ಎಕೋ ಮಾಡಿಸಿ. ಹಳೆಯ ಚಿಕಿತ್ಸೆಯ ಕಾಗದವನ್ನೂ ಜೊತೆಗೆ ಒಯ್ಯಿರಿ.