ಬರಿದಾದ ತಂಬಿಗೆ

ನೀರೇ ಔಷಧವೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಉಂಟು. ಬೊಹೀಮಿಯದ ಕಾರ್ಲ್ಸ್‌ಬಾದ್ ಪಟ್ಟಣದ ಬಿಸಿನೀರಿನ ಬುಗ್ಗೆಗಳನ್ನು ಅರಸಿ ಅರಸರೂ ಕವಿಗಳೂ ಹೋಗುತ್ತಿದ್ದರು. ಬೆಂಗಳೂರು ದಂಡಿನವರಿಗೆ ಅಂತಹ ಆರೋಗ್ಯಧಾಮವೆನಿಸಿದ್ದುದು ಸುಮಾರು 60 ಕಿ.ಮೀ. ದೂರದ, 1,478 ಮೀಟರ್ ಎತ್ತರದ ನಂದಿಬೆಟ್ಟ. ಅಲ್ಲಿರುವುದು ಲವಣಭರಿತ ಬುಗ್ಗೆಯಲ್ಲ. ತಂಗಾಳಿ ಮತ್ತು ಅಮೃತ ಸರೋವರದ ಒರತೆ. ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಬೇಸಗೆಯನ್ನು ಅಲ್ಲಿ ಕಳೆಯುತ್ತಿದ್ದರು. 1927ರಲ್ಲಿ ರಕ್ತದ ಒತ್ತಡದಿಂದ ಬಳಲಿದ ಗಾಂಧೀಜಿಯವರು ವಿಶ್ರಾಂತಿಗಾಗಿ ಆಶ್ರಯಿಸಿದುದೂ ಆ ಗಿರಿಯನ್ನೇ.

ಹಲಸೂರಿನಲ್ಲಿ ಭೂಗೋಳ ಬೋಧಿಸಿ ನಿವೃತ್ತರಾದ ಉಪಾಧ್ಯಾಯರೊಬ್ಬರ ಪತ್ನಿ ವರ್ಷದಿಂದ ಹಾಸಿಗೆ ಹಿಡಿದಿದ್ದರು. ಒಂದು ದಿನ ಆಕೆ, “ರೀ, ಚಿಕ್ಕವಳಿದ್ದಾಗ ನಂದಿಯ ಸರೋವರದಲ್ಲಿ ಒಂದು ಬೊಗಸೆ ನೀರು ಕುಡಿದಿದ್ದೆ. ಇನ್ನೊಮ್ಮೆ ಕುಡಿಯುವ ಆಸೆ” ಎಂದರು. ಮರುದಿನ ಬೆಳಗಿನ ಜಾವವೇ ಮೇಷ್ಟ್ರು ಹಿತ್ತಾಳೆಯ ತಂಬಿಗೆ ಹಿಡಿದು ಹೊರಟರು.

ಮಂಜು ಕರಗುವ ಹೊತ್ತಿಗೆ ಅವರು ಸರೋವರದ ಮೆಟ್ಟಿಲ ಬಳಿ ನಿಂತಿದ್ದರು. ನೀರು ಪಾಚಿಗಟ್ಟಿ ಹಸಿರಾಗಿತ್ತು. ಉದುರಿದ ಎಲೆಗಳು ತೇಲುತ್ತಿದ್ದವು. ಕಾಯಿಸಿ ಸೋಸಿದರೂ ರೋಗಿಗೆ ಕೊಡುವಂತಿರಲಿಲ್ಲ. ಹತ್ತಿರದಲ್ಲಿಯೇ ನಲ್ಲಿಯೊಂದಿತ್ತು. ಅದರ ನೀರನ್ನು ತುಂಬಿಕೊಂಡು ಹೋಗಿ ಸರೋವರದ್ದೆಂದರೆ ತಿಳಿಯುವವರಾರು? ತಂಬಿಗೆಯನ್ನು ನಲ್ಲಿಯ ಕೆಳಗೆ ಹಿಡಿದೂ ಆಯಿತು. ಆದರೆ ನಲವತ್ತು ವರ್ಷ ತಮ್ಮ ಮಾತನ್ನೇ ನಂಬಿ ಬಾಳಿದವಳ ತುಟಿಗೆ ಸುಳ್ಳನ್ನು ಹನಿಸಲು ಕೈ ಬರಲಿಲ್ಲ. ತುಂಬಿದ ನೀರನ್ನು ಗಿಡದ ಬುಡಕ್ಕೆ ಸುರಿದು ಬೆಟ್ಟವಿಳಿದರು.

ಮನೆಗೆ ಬಂದು ನಡೆದುದೆಲ್ಲವನ್ನೂ ಹೇಳಿದರು. ನಲ್ಲಿಯ ಪ್ರಸಂಗವನ್ನೂ ಮುಚ್ಚಿಡಲಿಲ್ಲ. ಆಕೆಯ ಮುಖ ಒಂದು ಕ್ಷಣ ಬಾಡಿತು. ಆಗ ಮೇಷ್ಟ್ರಿಗೆ ತಮ್ಮ ಹಳೆಯ ಪಾಠ ನೆನಪಾಯಿತು. “ನಂದಿಯ ಗಿರಿಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಈ ಊರಿನ ಮೂಡಲಲ್ಲಿಯೇ ಹರಿಯುತ್ತದೆ. ನಮ್ಮ ಹಲಸೂರು ಕೆರೆಯ ಕೋಡಿಯೂ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ಅದನ್ನೇ ಸೇರುತ್ತದೆ” ಎಂದರು.

“ಹಾಗಾದರೆ ಅಲ್ಲಿಯದೂ ಇಲ್ಲಿಯದೂ ಕೊನೆಗೆ ಕೂಡುತ್ತವೆ ಅನ್ನಿ” ಎಂದು ಆಕೆ ನಕ್ಕರು. “ಆ ತಂಬಿಗೆಯಲ್ಲೇ ಒಂದಿಷ್ಟು ಮನೆಯ ನೀರು ಕೊಡಿ. ಬೆಟ್ಟ ಹತ್ತಿ ಬಂದ ತಂಬಿಗೆ ಅದು.”

ಮೇಷ್ಟ್ರು ಕಾಯಿಸಿ ಆರಿಸಿದ ನೀರನ್ನು ತುಂಬಿ ತಂದರು. ಆಕೆ ಎರಡು ಗುಟುಕು ಕುಡಿದು, ಉಳಿದುದನ್ನು ಅವರ ಕೈಗೇ ಇತ್ತರು. ಬೆಳಗಿನಿಂದ ಅವರೂ ನೀರು ಮುಟ್ಟಿರಲಿಲ್ಲ.